ಬಿಗಿ ಸಡಿಲಿಸಿದರೆ ದೇಶ ಒಡೆಯುತ್ತದೆಯೇ?

ಓದುಗರ ಪ್ರಶ್ನೆ: ಜನರಿಗೆ ಬಾಯಿ ಬಿಡಲು ಅವಕಾಶ ಕೊಟ್ಟದ್ದರಿಂದಲೇ ಸೋವಿಯತ್ ಒಕ್ಕೂಟ ಚೂರಾಯಿತು ಎನ್ನುತ್ತಾರೆ. ಹಾಗಾದರೆ ದೇಶ ಗಟ್ಟಿಯಾಗಿರಬೇಕೆಂದರೆ ಹಿಡಿತ ಬಿಗಿಯಾಗಿಯೇ ಇರಬೇಕೇ?

ಇಲ್ಲ. ಆದರೆ ಈ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ. ಪೂರ್ತಿ ಮುಚ್ಚಿದ ದೇಶದಲ್ಲಿ ಗಲಾಟೆ ಕಾಣುವುದಿಲ್ಲ. ತೆರೆದು ಪಳಗಿದ ದೇಶದಲ್ಲಿ ದಿನವೂ ಗಲಾಟೆ, ಆದರೂ ಬುಡ ಅಲುಗುವುದಿಲ್ಲ. ಅಪಾಯವಿರುವುದು ಒಂದರಿಂದ ಇನ್ನೊಂದಕ್ಕೆ ದಾಟುವಾಗ. ರಾಜಕೀಯ ವಿಶ್ಲೇಷಕರು ಇದನ್ನು ಇಂಗ್ಲಿಷಿನ ಜೆ ಅಕ್ಷರದಂತೆ ಗೆರೆ ಎಳೆದು ತೋರಿಸುತ್ತಾರೆ: ಬಾಗಿಲು ತೆರೆಯುತ್ತ ಹೋದಂತೆ ಸ್ಥಿರತೆ ಮೊದಲು ಕೆಳಗಿಳಿಯುತ್ತದೆ, ತಳ ಮುಟ್ಟಿದ ಮೇಲೆ ಏರುತ್ತ ಮೊದಲಿದ್ದ ಮಟ್ಟವನ್ನೂ ಮೀರುತ್ತದೆ. ಆ ತಳದಲ್ಲಿ ಕೆಲವು ದೇಶ ಮುಳುಗಿದವು, ಕೆಲವು ದಾಟಿದವು. ವ್ಯತ್ಯಾಸ ಎಲ್ಲಿತ್ತು ಎಂಬುದೇ ನಿಜವಾದ ಪ್ರಶ್ನೆ.

ಕೆರೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆ ಹೆಚ್ಚಾಯಿತೆಂದು ಏರಿ ಒಡೆಯುವುದಿಲ್ಲ. ಹೆಚ್ಚಾದ ನೀರಿಗೆ ಕೋಡಿ ಇಲ್ಲದಿದ್ದರೆ ಒಡೆಯುತ್ತದೆ. ಕೋಡಿಯನ್ನು ಕಟ್ಟಬೇಕಾದದ್ದು ಬೇಸಿಗೆಯಲ್ಲಿ, ನೀರು ಏರಿಯ ತಲೆ ಮುಟ್ಟಿದ ಮೇಲಲ್ಲ.

ಸೋವಿಯತ್ ಒಕ್ಕೂಟವನ್ನೇ ತೆಗೆದುಕೊಳ್ಳೋಣ. 1985ರ ಮಾರ್ಚಿನಲ್ಲಿ ಗೋರ್ಬಚೆವ್ ಅಧಿಕಾರಕ್ಕೆ ಬಂದಾಗ ಹೊರಗೆ ಎಲ್ಲವೂ ಶಾಂತ. ಒಳಗೆ ಸರ್ಕಾರಕ್ಕೇ ತನ್ನ ದೇಶದ ಸ್ಥಿತಿ ಸರಿಯಾಗಿ ಗೊತ್ತಿರಲಿಲ್ಲ, ಏಕೆಂದರೆ ಕೆಟ್ಟ ಸುದ್ದಿ ಮೇಲಕ್ಕೆ ಕಳಿಸಿದವನಿಗೇ ಶಿಕ್ಷೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುಸ್ಥಾವರದಲ್ಲಿ ವಿಕಿರಣ ಪತ್ತೆಯಾದ ಮೇಲೆ, 28ರ ರಾತ್ರಿ, ಮಾಸ್ಕೋ ಟಿವಿ ಕೆಲವೇ ಸಾಲುಗಳ ಪ್ರಕಟಣೆ ಓದಿತು. ಮೇ ಒಂದರಂದು ಸ್ಥಾವರಕ್ಕೆ ಹತ್ತಿರದ ಕೀವ್ ನಗರದಲ್ಲಿ ಮಕ್ಕಳೊಂದಿಗೆ ಮೆರವಣಿಗೆಯೂ ನಡೆಯಿತು. ಮುಚ್ಚಿದ ವ್ಯವಸ್ಥೆಯ ಸ್ಥಿರತೆ ಎಂದರೆ ಇದು: ಬೂದಿ ಮುಚ್ಚಿದ ಕೆಂಡ, ಅದರ ಕಾವು ಆಳುವವರ ಕೈಗೂ ತಾಗುವುದಿಲ್ಲ.

ಅಲ್ಲಿಂದ ಗ್ಲಾಸ್‌ನಸ್ತ್, ಅಂದರೆ ಮುಕ್ತತೆ, ಬಿರುಸು ಪಡೆಯಿತು. ಪತ್ರಿಕೆಗಳು ಸ್ಟಾಲಿನ್ ಕಾಲದ ಹತ್ಯೆಗಳ ಬಗ್ಗೆ ಬರೆದವು. 1989ರ ಆಗಸ್ಟ್ 23ರಂದು, ಆಗ ಒಕ್ಕೂಟದೊಳಗಿದ್ದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಲ್ಲಿ ಸುಮಾರು 20 ಲಕ್ಷ ಜನ ಸ್ವಾತಂತ್ರ್ಯ ಬೇಕೆಂದು ಕೈಕೈ ಹಿಡಿದು 600 ಕಿಲೋಮೀಟರಿಗೂ ಉದ್ದದ ಸರಪಳಿ ಕಟ್ಟಿದರು. ಸತ್ಯ ಹೊರಬಂದದ್ದು ತಪ್ಪಾಗಿರಲಿಲ್ಲ. ಹೊರಬಂದ ಸಿಟ್ಟು ಹರಿದುಹೋಗಲು ಇಡೀ ಒಕ್ಕೂಟದ ಮಟ್ಟದಲ್ಲಿ ಕಾಲುವೆ ಇರಲಿಲ್ಲ.

ಇಲ್ಲಿ ಚುನಾವಣೆಗಳ ಕ್ರಮವನ್ನು ಗಮನಿಸಬೇಕು. ನಮ್ಮ ದೃಷ್ಟಿಯಲ್ಲಿ ಇಡೀ ಉತ್ತರದ ತಿರುಳು ಇದೇ. 1989ರ ಮಾರ್ಚಿನಲ್ಲಿ ಒಕ್ಕೂಟದ ಜನಪ್ರತಿನಿಧಿ ಸಭೆಗೆ ಚುನಾವಣೆ ನಡೆಯಿತು, ಆದರೆ 2250 ಸ್ಥಾನಗಳಲ್ಲಿ 750 ಕಮ್ಯುನಿಸ್ಟ್ ಪಕ್ಷಕ್ಕೆ ಮತ್ತು ಅಧಿಕೃತ ಸಂಘಸಂಸ್ಥೆಗಳಿಗೆ ಮೀಸಲು. ಬೇರೆ ಪಕ್ಷಗಳಿಗೆ ಅವಕಾಶವೇ ಇರಲಿಲ್ಲ. ಮರುವರ್ಷ ಗಣರಾಜ್ಯಗಳಲ್ಲಿ, ಅಂದರೆ ಒಕ್ಕೂಟದೊಳಗಿನ ರಾಜ್ಯಗಳಲ್ಲಿ, ನಡೆದ ಚುನಾವಣೆಗಳು ಹೆಚ್ಚು ಮುಕ್ತವಾಗಿದ್ದವು. 1990ರ ಮಾರ್ಚಿನಲ್ಲಿ ಗೋರ್ಬಚೆವ್ ಒಕ್ಕೂಟದ ಅಧ್ಯಕ್ಷರಾದದ್ದು ಆ ಜನಪ್ರತಿನಿಧಿ ಸಭೆಯ ಮತದಿಂದ. 1991ರ ಜೂನ್ 12ರಂದು ಯೆಲ್ತ್ಸಿನ್ ಗಣರಾಜ್ಯಗಳಲ್ಲೊಂದಾದ ರಷ್ಯಾದ ಅಧ್ಯಕ್ಷರಾದದ್ದು ನೇರ ಜನಮತದಿಂದ. ಜನರ ಮುದ್ರೆ ರಾಜ್ಯದವರ ಕೈಯಲ್ಲಿತ್ತು, ಕೇಂದ್ರದ ಕೈ ಬರಿದಾಗಿತ್ತು. ಕೇಂದ್ರದ ಪರ ಮಾತಾಡಿ ಮತ ಗೆಲ್ಲಬೇಕಾದ ಪಕ್ಷವೇ ಬೆಳೆಯಲಿಲ್ಲ.

ಜನ ಒಕ್ಕೂಟ ಬೇಡವೆಂದರು, ಆದ್ದರಿಂದ ಒಡೆಯಿತು ಎಂಬುದೂ ಪೂರ್ತಿ ನಿಜವಲ್ಲ. 1991ರ ಮಾರ್ಚ್ 17ರ ಜನಮತಗಣನೆಯಲ್ಲಿ ಒಂಬತ್ತು ಗಣರಾಜ್ಯಗಳ ಮತದಾರರಲ್ಲಿ ಸುಮಾರು ಶೇಕಡ 76ರಷ್ಟು ಜನ ನವೀಕರಿಸಿದ ಒಕ್ಕೂಟಕ್ಕೆ ಹೌದೆಂದಿದ್ದರು. ಉಳಿದ ಆರು ಬಹಿಷ್ಕರಿಸಿದ್ದವು. ಆಗಸ್ಟಿನಲ್ಲಿ ಬಿಗಿ ಹಿಡಿತದ ಪರವಾಗಿದ್ದವರೇ ಮೂರು ದಿನದ ಕ್ಷಿಪ್ರಕ್ರಾಂತಿಗೆ ಕೈಹಾಕಿ ಸೋತರು. ಕೇಂದ್ರಕ್ಕೆ ಉಳಿದಿದ್ದ ಅಷ್ಟಿಷ್ಟು ಮರ್ಯಾದೆಯೂ ಅಲ್ಲಿ ಹೋಯಿತು. ಡಿಸೆಂಬರ್ 1ರಂದು ಉಕ್ರೇನಿನ ಮತದಾರರಲ್ಲಿ ಶೇಕಡ 90ಕ್ಕೂ ಹೆಚ್ಚು ಜನ ಸ್ವಾತಂತ್ರ್ಯ ಬೇಕೆಂದರು. ಡಿಸೆಂಬರ್ 25ರಂದು ಗೋರ್ಬಚೆವ್ ರಾಜೀನಾಮೆ ಕೊಟ್ಟರು.

ಇದೆಲ್ಲ ನಡೆದದ್ದು ಖಾಲಿ ಅಂಗಡಿಗಳ ನಡುವೆ. 1986ರಲ್ಲಿ ತೈಲದ ಬೆಲೆ ಕುಸಿದು ವಿದೇಶಿ ವಿನಿಮಯ ಒಣಗಿತು. 1985ರ ಮದ್ಯವಿರೋಧಿ ಆಂದೋಲನದಿಂದ ವೋಡ್ಕಾ ತೆರಿಗೆ ಹೋಯಿತು; ಸಕ್ಕರೆ ಕಳ್ಳಭಟ್ಟಿಗೆ ಹೋಗಿ ಪಡಿತರಕ್ಕೆ ಬಂತು. ಬಾಯಿ ತೆರೆದ ಹೊತ್ತಿಗೆ ಹೊಟ್ಟೆಯೂ ಖಾಲಿಯಿದ್ದರೆ ಮಾತು ಬೇಗ ಬೆಂಕಿಯಾಗುತ್ತದೆ.

ಈಗ ಸ್ಪೇನ್ ನೋಡಿ. ಸುಮಾರು 36 ವರ್ಷ ದೇಶವಾಳಿದ ಸರ್ವಾಧಿಕಾರಿ ಫ್ರಾಂಕೊ 1975ರ ನವೆಂಬರ್ 20ರಂದು ತೀರಿಕೊಂಡ. ಅಲ್ಲಿಯೂ ಬೇರೆ ಭಾಷೆಯ, ಬೇರೆ ಹೆಮ್ಮೆಯ ಕ್ಯಾಟಲೋನಿಯಾ ಮತ್ತು ಬಾಸ್ಕ್ ಪ್ರದೇಶಗಳಿದ್ದವು. 1976ರ ಜುಲೈನಲ್ಲಿ ಪ್ರಧಾನಿಯಾದ ಅಡೋಲ್ಫೊ ಸುವಾರೆಸ್ ಹಳೆಯ ಆಡಳಿತದೊಳಗಿಂದಲೇ ಬಂದವರು. ಫ್ರಾಂಕೊ ಕಾಲದ ಸಂಸತ್ತೇ ತನ್ನನ್ನು ತಾನು ವಿಸರ್ಜಿಸಿಕೊಳ್ಳುವ ಕಾನೂನನ್ನು ಅವರು 425ಕ್ಕೆ 59 ಮತಗಳಿಂದ ಪಾಸು ಮಾಡಿಸಿದರು. ಡಿಸೆಂಬರಿನಲ್ಲಿ ಅದಕ್ಕೆ ಜನರ ಒಪ್ಪಿಗೆ ಸಿಕ್ಕಿತು. 1977ರ ಏಪ್ರಿಲಿನಲ್ಲಿ ಸೈನ್ಯದ ಕೆಂಗಣ್ಣಿನ ಎದುರೇ ಕಮ್ಯುನಿಸ್ಟ್ ಪಕ್ಷವನ್ನು ಕಾನೂನುಬದ್ಧಗೊಳಿಸಿದರು. ಜೂನ್ 15ರಂದು ಇಡೀ ದೇಶಕ್ಕೆ ಒಟ್ಟಾಗಿ ಚುನಾವಣೆ ನಡೆಯಿತು. ಅಕ್ಟೋಬರಿನಲ್ಲಿ ಎಲ್ಲ ಪ್ರಮುಖ ಪಕ್ಷಗಳು ಮೊಂಕ್ಲೋವಾ ಒಪ್ಪಂದಕ್ಕೆ ಸಹಿ ಹಾಕಿದವು: ಹಣದುಬ್ಬರ ಶೇಕಡ 25ರ ಆಸುಪಾಸಿನಲ್ಲಿದ್ದಾಗ ಕೂಲಿ ಏರಿಕೆಗೆ ಮಿತಿ, ಬದಲಿಗೆ ತೆರಿಗೆ ಸುಧಾರಣೆ ಮತ್ತು ಹಕ್ಕುಗಳು. 1978ರ ಡಿಸೆಂಬರಿನಲ್ಲಿ ಸಂವಿಧಾನ ಬಂತು. ಬಾಸ್ಕ್ ಮತ್ತು ಕ್ಯಾಟಲೋನಿಯಾ ಶಾಸನಸಭೆಗಳ ಚುನಾವಣೆ ನಡೆದದ್ದು ಆಮೇಲೆ, 1980ರ ಮಾರ್ಚಿನಲ್ಲಿ.

ಸ್ಪೇನ್ ಸುಖವಾಗಿ ದಾಟಲಿಲ್ಲ. ಬಾಸ್ಕ್ ಉಗ್ರರ ಇಟಿಎ ಸಂಘಟನೆ ಫ್ರಾಂಕೊ ಕಾಲಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಈ ವರ್ಷಗಳಲ್ಲೇ. 1981ರ ಫೆಬ್ರವರಿ 23ರಂದು ಬಂದೂಕು ಹಿಡಿದ ಸಿವಿಲ್ ಗಾರ್ಡ್ ಎಂಬ ಅರೆಸೇನಾ ಪೊಲೀಸ್ ಪಡೆ ಸಂಸತ್ತಿಗೆ ನುಗ್ಗಿತು. ನಡುರಾತ್ರಿಯ ನಂತರ ಸ್ಪೇನಿನ ದೊರೆ ಹುವಾನ್ ಕಾರ್ಲೊಸ್ ಟಿವಿಯಲ್ಲಿ ಸಂವಿಧಾನದ ಪರ ನಿಂತರು, ಮರುದಿನ ದಂಗೆ ಅಡಗಿತು. 1982ರಲ್ಲಿ ಐದು ವರ್ಷಗಳ ಹಿಂದಿನವರೆಗೂ ನಿಷೇಧದಲ್ಲಿದ್ದ ಸಮಾಜವಾದಿ ಪಕ್ಷ ಮತದಿಂದ ಅಧಿಕಾರಕ್ಕೆ ಬಂತು.

ವೇಗದ ಲೆಕ್ಕವನ್ನೂ ಇಲ್ಲಿ ನೋಡಿ. ನಿಧಾನವಾಗಿ ತೆರೆದರೆ ಕ್ಷೇಮ ಎಂದು ಹಲವರು ನಂಬುತ್ತಾರೆ. ಸುವಾರೆಸ್ ಒಂದು ವರ್ಷದೊಳಗೆ ಮುಕ್ತ ಚುನಾವಣೆ ಮುಗಿಸಿದರು; ಗೋರ್ಬಚೆವ್ ಆರು ವರ್ಷ ತೆಗೆದುಕೊಂಡರೂ ಇಡೀ ಒಕ್ಕೂಟಕ್ಕೆ ಬಹುಪಕ್ಷ ಚುನಾವಣೆಯೊಂದು ನಡೆಯಲೇ ಇಲ್ಲ. ಯುಗೊಸ್ಲಾವಿಯದಲ್ಲೂ ಹೀಗೆಯೇ: 1990ರಲ್ಲಿ ಆರೂ ಗಣರಾಜ್ಯಗಳಲ್ಲಿ ಚುನಾವಣೆ, ಒಕ್ಕೂಟಕ್ಕೆ ಇಲ್ಲ, 1991ರ ಜೂನಿನಲ್ಲಿ ಯುದ್ಧ. ಕೆಡಿಸುವುದು ವೇಗಕ್ಕಿಂತ ಹೆಚ್ಚಾಗಿ ಹಿಂದುಮುಂದಾದ ಕ್ರಮ.

ನಮ್ಮ ದೇಶದ ಕ್ರಮ ಸ್ಪೇನಿನದನ್ನೇ ಹೋಲುತ್ತದೆ, ಅದೂ ಕಾಲು ಶತಮಾನ ಮೊದಲು. 1950ರಲ್ಲಿ ಸಂವಿಧಾನ, 1951–52ರಲ್ಲಿ ಇಡೀ ದೇಶಕ್ಕೆ ಚುನಾವಣೆ, ಆಮೇಲೆ ಭಾಷಾವಾರು ಪ್ರಾಂತ್ಯ. 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಅವರ ಸಮಿತಿ ಭಾಷಾವಾರು ರಾಜ್ಯಗಳನ್ನು ಸದ್ಯಕ್ಕೆ ಮುಂದೂಡಬೇಕೆಂದಿತ್ತು. ದೇಶ ಒಡೆದೀತೆಂಬ ಅಂಜಿಕೆ. 1952ರಲ್ಲಿ ಪೊಟ್ಟಿ ಶ್ರೀರಾಮುಲು ಆಂಧ್ರ ರಾಜ್ಯಕ್ಕಾಗಿ ಉಪವಾಸದಲ್ಲಿ ಪ್ರಾಣ ಬಿಟ್ಟರು. ಮುಂಬಯಿ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರೂ ಬೀದಿಗಿಳಿದರು. ಆದರೆ ಅಷ್ಟರಲ್ಲಿ ಆ ಬೇಡಿಕೆ ಕೇಳಿಸಿಕೊಳ್ಳಲು ಜನರೇ ಆರಿಸಿದ ಸಂಸತ್ತು ದೆಹಲಿಯಲ್ಲಿತ್ತು. 1956ರ ನವೆಂಬರ್ 1ರಂದು ಅದು ಕಾನೂನಿನ ದಾರಿಯಲ್ಲಿ ಈಡೇರಿತು.

ತೆರೆದ ವ್ಯವಸ್ಥೆ ಗಟ್ಟಿಯಾಗುವ ಗುಟ್ಟು ಇನ್ನೊಂದಿದೆ: ಸೋತವನಿಗೆ ನಾಳೆ ಇರುತ್ತದೆ. ತುರ್ತುಪರಿಸ್ಥಿತಿಯಲ್ಲಿ ವಿರೋಧಿಗಳನ್ನು ಜೈಲಿಗೆ ಕಳಿಸಿದ್ದ ಇಂದಿರಾ ಗಾಂಧಿ 1977ರ ಮಾರ್ಚಿನಲ್ಲಿ ಸೋತು ಕುರ್ಚಿ ಬಿಟ್ಟರು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ಗೆದ್ದು ಲೋಕಸಭೆಗೆ ಮರಳಿದರು. ಮರಳುವ ದಾರಿ ಇದೆಯೆಂದು ಗೊತ್ತಿದ್ದವರು ಬಂದೂಕು ಹುಡುಕುವುದಿಲ್ಲ.

ಹಾಗಾಗಿ ಯಾವುದೋ ದೇಶದಲ್ಲಿ ಸೆನ್ಸಾರ್ ಸಡಿಲವಾಯಿತು, ರಾಜಕೀಯ ಕೈದಿಗಳು ಬಿಡುಗಡೆಯಾದರು ಎಂಬ ಸುದ್ದಿ ಓದಿದಾಗ ಅಷ್ಟಕ್ಕೇ ನಿಲ್ಲಬೇಡಿ. ಮೊದಲ ಚುನಾವಣೆ ಇಡೀ ದೇಶದ್ದೋ, ಪ್ರಾಂತ್ಯಗಳದ್ದೋ ನೋಡಿ. ಸೈನ್ಯಕ್ಕೆ ಮೀಸಲು ಸ್ಥಾನಗಳಿವೆಯೇ ನೋಡಿ: ಮ್ಯಾನ್ಮಾರಿನ 2008ರ ಸಂವಿಧಾನ ಸಂಸತ್ತಿನ ಶೇಕಡ 25ರಷ್ಟನ್ನು ಸೈನ್ಯಕ್ಕೆ ಬಿಟ್ಟಿತ್ತು, 2021ರ ಫೆಬ್ರವರಿಯಲ್ಲಿ ಆ ಸೈನ್ಯವೇ ಉಳಿದದ್ದನ್ನೂ ಕಸಿದುಕೊಂಡಿತು. ಸೋಲುವ ಪಕ್ಷದ ನಾಯಕರು ಸೋತ ಮರುದಿನ ಎಲ್ಲಿರುತ್ತಾರೆ, ವಿರೋಧಪಕ್ಷದ ಸಾಲಿನಲ್ಲೋ, ಜೈಲಿನಲ್ಲೋ, ಅದನ್ನೂ ವಿಚಾರಿಸಿ.