ವಿದ್ಯುತ್ತು ಮರಳುವ ದಾರಿ

ಹೆಡ್‌ಲೈಟ್ ಮಂಕಾದೊಡನೆ ಬಲ್ಬ್ ಬದಲಿಸುವುದು, ಹೊಸ ಬಲ್ಬೂ ಮಂಕಾಗಿ ಉರಿದರೆ ಬ್ಯಾಟರಿಯನ್ನು ದೂರುವುದು, ಫ್ಯೂಸ್ ಪದೇ ಪದೇ ಸುಟ್ಟರೆ ಹೆಚ್ಚು ಆಂಪಿಯರಿನ ಫ್ಯೂಸ್ ಸಿಕ್ಕಿಸುವುದು ಕಾರು ಉಳ್ಳವರ ರೂಢಿ. ಇವುಗಳಲ್ಲಿ ಕೊನೆಯದು ಬೆಂಕಿಗೆ ಆಹ್ವಾನ, ಏಕೆಂದರೆ ಫ್ಯೂಸ್ ಕಾಯುವುದು ಬಲ್ಬನ್ನಲ್ಲ, ತಂತಿಯನ್ನು. ಮೊದಲೆರಡರಲ್ಲಿ ಹಣವಷ್ಟೇ ಪೋಲಾಗುತ್ತದೆ. ದೋಷವು ಎಷ್ಟೋ ಸಲ ಯಾರೂ ನೋಡದ ಅರ್ಥ್ ಜೋಡಣೆಯಲ್ಲಿ, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿಯಲ್ಲಿರುತ್ತದೆ.

ಬಹುತೇಕ ಕಾರುಗಳಲ್ಲಿ ದೀಪದಿಂದ ಬ್ಯಾಟರಿಯವರೆಗೆ ಮರಳುವ ತಂತಿ ಇರುವುದಿಲ್ಲ. ದೀಪದ ಬಳಿಯ ಗಿಡ್ಡ ತಂತಿಯೊಂದನ್ನು ಕಾರಿನ ಉಕ್ಕಿನ ಮೈಗೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಮುಂದಿನ ದಾರಿ ಆ ಮೈಯೇ. ಬೋಲ್ಟಿನಡಿ ತುಕ್ಕು ಹಿಡಿದು ಕೇವಲ ಕಾಲು ಓಮ್ ರೋಧ (ವಿದ್ಯುತ್ತಿಗೆ ತಡೆ) ಸೇರಿಕೊಂಡಿತೆನ್ನಿ. 55 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುವುದರಿಂದ ಅಲ್ಲಿಯೇ ಹೆಚ್ಚುಕಡಿಮೆ 1 ವೋಲ್ಟ್ ಸೋರಿಹೋಗುತ್ತದೆ. ಬಲ್ಬಿನೊಳಗಿನ ತಂತುವಿನ (ಫಿಲಮೆಂಟ್) ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಏರಿಳಿಯುವ ಕಾರಣ, ಹನ್ನೆರಡರಲ್ಲಿ ಒಂದು ಪಾಲು ವೋಲ್ಟೇಜ್ ತಗ್ಗಿದರೆ ಬೆಳಕಿನ ಕಾಲು ಭಾಗವೇ ಇಲ್ಲವಾಗುತ್ತದೆ.

ಸಭಾಂಗಣದಿಂದ ಹೊರಹೋಗುವ ಬಾಗಿಲು ಅರ್ಧ ಮುಚ್ಚಿದ್ದರೆ ಒಳಬರುವ ಬಾಗಿಲು ಎಷ್ಟು ಅಗಲವಿದ್ದರೂ ಜನ ಸರಾಗವಾಗಿ ಸಾಗಲಾರರು. ಅದು ಪೂರ್ತಿ ಮುಚ್ಚಿತೋ, ನೂಕುನುಗ್ಗಲು ಪಕ್ಕದ ಇನ್ನೊಂದು ಒಳಬರುವ ಬಾಗಿಲಿನಿಂದಲೇ ಹಿಮ್ಮುಖವಾಗಿ ಹೊರಬೀಳುತ್ತದೆ. ಹಿಂದಿನ ದೀಪದಲ್ಲಿ ನಡೆಯುವುದೂ ಇದೇ. ಅಲ್ಲಿ ಬ್ರೇಕಿನ 21 ವ್ಯಾಟ್ ಮತ್ತು ಟೇಲ್‌ಲೈಟಿನ 5 ವ್ಯಾಟ್ ತಂತುಗಳು ಒಂದೇ ಬಲ್ಬಿನೊಳಗಿದ್ದು, ಎರಡಕ್ಕೂ ಅರ್ಥ್ ಒಂದೇ. ಅದು ಕಡಿದಾಗ ಬ್ರೇಕ್ ಒತ್ತಿದರೆ, ವಿದ್ಯುತ್ತು ಚಿಕ್ಕ ತಂತುವನ್ನು ಹಿಮ್ಮುಖವಾಗಿ ಹಾದು, ಟೇಲ್‌ಲೈಟಿನ ತಂತಿ ಹಿಡಿದು, ನಂಬರ್ ಪ್ಲೇಟಿನ ದೀಪದ ಅರ್ಥ್ ಹುಡುಕಿಕೊಂಡು ಹೋಗುತ್ತದೆ. ಬ್ರೇಕಿಗೂ ನಂಬರ್ ಪ್ಲೇಟಿಗೂ ಏನು ಸಂಬಂಧವೆಂದು ಬೆರಗಾಗಿ ವೈರಿಂಗನ್ನೆಲ್ಲ ಬಿಚ್ಚುವವರಿದ್ದಾರೆ; ಬಿಚ್ಚಬೇಕಾದದ್ದು ಒಂದು ಬೋಲ್ಟ್.

ಜರ್ಮನ್ ಭೌತವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ಪ್ರವಾಹವಿಲ್ಲದ ಕಡೆ ವೋಲ್ಟೇಜಿನ ಇಳಿಕೆಯೂ ಇಲ್ಲ. ಆದ್ದರಿಂದ ದೀಪ ಆರಿಸಿ, ಮಲ್ಟಿಮೀಟರಿನಿಂದ ರೋಧ ಅಳೆಯುವುದು ಮೋಸದ ದಾರಿ: ಮೀಟರಿನ ಅತ್ಯಲ್ಪ ಪ್ರವಾಹಕ್ಕೆ ತಂತಿಯಲ್ಲಿ ಉಳಿದ ಒಂದೇ ಎಳೆಯೂ ಸಾಕಾಗಿ, ಎಲ್ಲವೂ ಸರಿಯೆಂದೇ ತೋರುತ್ತದೆ. ದೀಪ ಉರಿಯುತ್ತಿರುವಾಗಲೇ ಮೀಟರನ್ನು ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಬಲ್ಬಿನ ಅರ್ಥ್ ಪಿನ್ನಿಗೂ ತಾಗಿಸಬೇಕು. 0.2 ವೋಲ್ಟಿನೊಳಗಿದ್ದರೆ ದಾರಿ ಸರಿಯಿದೆ. ಹೆಚ್ಚಿದ್ದರೆ ಎರಡನೆಯ ಕಡ್ಡಿಯನ್ನು ಪಿನ್ನಿನಿಂದ ತಂತಿಯ ತುದಿಗೆ, ಅಲ್ಲಿಂದ ಬೋಲ್ಟಿಗೆ, ಬೋಲ್ಟಿನಿಂದ ಪಕ್ಕದ ಬರಿಯ ಉಕ್ಕಿಗೆ ಸರಿಸುತ್ತ ಬನ್ನಿ. ಅಂಕಿ ಎಲ್ಲಿ ಥಟ್ಟನೆ ಕುಸಿಯುತ್ತದೋ, ಅದರ ಹಿಂದಿನ ಜೋಡಣೆಯಲ್ಲಿಯೇ ದೋಷವಿದೆ.