ಕೊಯ್ದರೂ ಮತ್ತೆ ಅಲ್ಲೇ ಬರುವ ರೆಪ್ಪೆಯ ಕುರು

ಪ್ರಶ್ನೆ: ಅಮ್ಮನಿಗೆ 62 ವರ್ಷ. ಮೇಲಿನ ರೆಪ್ಪೆಯಲ್ಲಿ ಒಂದು ಕುರು. ಎರಡು ಸಲ ಕೊಯ್ದು ತೆಗೆಸಿದೆವು, ಮತ್ತೆ ಅಲ್ಲೇ ಬಂದಿದೆ. ನೋವಿಲ್ಲ. ಕ್ಯಾನ್ಸರ್ ಇರಬಹುದಾ? ಕಣ್ಣೇ ತೆಗೆಯಬೇಕಾಗುತ್ತದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಕಣ್ಣಿನಿಂದ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಮೂರನೇ ಸಲವೂ ಸುಮ್ನೆ ಕೊಯ್ಸಿಕೊಂಡು ಬರಬೇಡಿ. ತೆಗೆದ ತುಣುಕನ್ನು ಬಯಾಪ್ಸಿಗೆ ಕಳಿಸಿ ಎಂದು ನೀವೇ ಕೇಳಿ.

ರೆಪ್ಪೆಯೊಳಗೆ ಎಣ್ಣೆಯ ಪಸೆ ಬಿಡುವ ಸಣ್ಣ ಗ್ರಂಥಿಗಳ ಸಾಲಿದೆ. ಮೇಲಿನ ರೆಪ್ಪೆಯಲ್ಲಿ ಜಾಸ್ತಿ. ಒಂದರ ಬಾಯಿ ಕಟ್ಟಿದರೆ ಸಾಮಾನ್ಯ ಗಂಟು, ಹೆದರಬೇಕಿಲ್ಲ. ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟಿದರೂ ಹೊರಗೆ ಹಾಗೇ ಕಾಣುತ್ತದೆ. ಹೆಸರು ಸೆಬೇಷಿಯಸ್ ಕಾರ್ಸಿನೋಮ. ಅಮೆರಿಕ, ಯುರೋಪಿನಲ್ಲಿ ಅಪರೂಪ, ನಮ್ಮ ದೇಶದಲ್ಲಿ ಅಷ್ಟು ಅಪರೂಪವಲ್ಲ. ಕಿವಿಯ ಮುಂದಿನ, ಕತ್ತಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಬಲ್ಲದು. ಅಲ್ಲಿ ಗಡ್ಡೆ ಕೈಗೆ ಸಿಗುತ್ತದಾ, ಕುರುವಿನ ಜಾಗದಲ್ಲಿ ರೆಪ್ಪೆಗೂದಲು ಉದುರಿದೆಯಾ ನೋಡಿ. ನೋವಿಲ್ಲ ಅಂತ ಸಮಾಧಾನ ಪಡಬೇಡಿ, ಈ ಕ್ಯಾನ್ಸರ್ ಶುರುವಿನಲ್ಲಿ ನೋಯುವುದು ಕಡಿಮೆ.

ಇನ್ನೊಂದು ಬಗೆ ಬೇಸಲ್ ಸೆಲ್ ಕಾರ್ಸಿನೋಮ. ಹೆಚ್ಚಾಗಿ ಕೆಳರೆಪ್ಪೆಯಲ್ಲಿ ಬರುತ್ತದೆ, ಮೆಲ್ಲಗೆ ಬೆಳೆಯುತ್ತದೆ, ದೂರ ಹರಡುವುದು ತೀರಾ ಕಡಿಮೆ. ವರ್ಷಗಟ್ಟಲೆ ಬಿದ್ದ ಬಿಸಿಲು ಇದಕ್ಕೆ ದೊಡ್ಡ ಕಾರಣ. ಅಂಗಳದಲ್ಲಿ ಅಡಿಕೆ ಹರಡುವಾಗ ಹಾಕುವ ಮುಟ್ಟಾಳೆ ತಲೆಯನ್ನು ಕಾಯುತ್ತದೆ, ಕಣ್ಣಿಗೆ ನೆರಳು ಕೊಡುವುದಿಲ್ಲ. ಅಗಲ ಅಂಚಿನ ಟೊಪ್ಪಿ ಒಳ್ಳೆಯದು.

ಇನ್ನು ಕಣ್ಣಿನ ವಿಷಯ. ಬೇಗ ಗೊತ್ತಾದರೆ ಸಾಮಾನ್ಯವಾಗಿ ಕಣ್ಣು ತೆಗೆಯುವುದಿಲ್ಲ. ರೋಗ ಕಣ್ಣುಗುಳಿಯ ಒಳಕ್ಕೆ ಇಳಿದಿದ್ದರೆ ಮಾತ್ರ ಆ ಮಾತು ಬರುತ್ತದೆ. ಕುರುವಿನ ಜೊತೆ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ತೆಗೆದು, ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ರೆಪ್ಪೆಯ ಕಾಲು ಭಾಗ ಹೋದರೆ ಎರಡೂ ಬದಿ ಎಳೆದು ಹೊಲಿದರೆ ಸಾಕು. ವಯಸ್ಸಾದವರ ರೆಪ್ಪೆ ಸಡಿಲ, ಅವರಿಗೆ ಇದು ಇನ್ನೂ ಸುಲಭ. ಜಾಸ್ತಿ ಹೋದರೆ ಅದೇ ಕಣ್ಣಿನ ಇನ್ನೊಂದು ರೆಪ್ಪೆಯಿಂದ ಪದರ ತಂದು ಹೊಸದಾಗಿ ಕಟ್ಟುತ್ತಾರೆ. ಆಗ ಕೆಲವು ವಾರ ಕಣ್ಣು ಮುಚ್ಚಿಯೇ ಇರುತ್ತದೆ, ಆಮೇಲೆ ಬಿಡಿಸುತ್ತಾರೆ. ನೋಡಲು ಬಂದ ನೆಂಟರು ಕಣ್ಣೇ ಹೋಯಿತು ಅಂದುಕೊಳ್ಳುತ್ತಾರೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ.

ಮಂಗಳೂರಿಗೆ ಹೋದರೂ ಸರಿ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋದರೂ ಸರಿ, ಹಳೆಯ ಬಯಾಪ್ಸಿ ಆಗಿದ್ದರೆ ರಿಪೋರ್ಟ್ ಮಾತ್ರ ಸಾಲದು. ಸ್ಲೈಡ್ (ತುಣುಕಿನ ಪದರ ಅಂಟಿಸಿದ ಗಾಜು) ಮತ್ತು ಬ್ಲಾಕ್ (ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿ) ಕೇಳಿ ತೆಗೆದುಕೊಂಡು ಹೋಗಿ. ರೆಪ್ಪೆಯ ಸರ್ಜರಿ ಮಾಡುವ ಆಕ್ಯುಲೋಪ್ಲಾಸ್ಟಿ ಡಾಕ್ಟರು ಯಾರಿದ್ದಾರೆ ಎಂದು ವಿಚಾರಿಸಿ. ಅಡಿಕೆ ಕೊಯ್ಲು ಮುಗಿಯಲಿ ಅಂತ ಕಾಯಬೇಡಿ, ಈ ವಾರವೇ ಹೊರಡಿ.