ಸುಸ್ಥಿರ ಪ್ರವಾಸ: ಗೋಕರ್ಣದ ಬಾವಿಕಟ್ಟೆಯಿಂದ ಒಂದು ಪದ ಪರಿಚಯ

‘ಸುಸ್ಥಿರ ಪ್ರವಾಸ’ ಎಂಬ ಮಾತು ಈಗ ಸರ್ಕಾರದ ನೀತಿಪತ್ರಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಹೋಮ್‌ಸ್ಟೇಗಳ ಫಲಕಗಳಲ್ಲಿ ಸಲೀಸಾಗಿ ಬಳಕೆಯಾಗುತ್ತಿದೆ. ಬಳಸುವವರಲ್ಲಿ ಬಹಳ ಮಂದಿ ಇದರಿಂದ ಹೇಳಹೊರಡುವುದು ಎರಡೇ ಸಂಗತಿ: ಪ್ಲಾಸ್ಟಿಕ್ ಬಾಟಲಿ ಎಸೆಯಬಾರದು, ಬಟ್ಟೆಯ ಚೀಲ ಒಯ್ಯಬೇಕು. ಇವೆರಡೂ ಬೇಕಾದವೇ. ಆದರೆ ಪದದ ಅರ್ಥ ಅಲ್ಲಿಗೆ ನಿಲ್ಲುವುದಿಲ್ಲ. ಕಸಕ್ಕಿಂತ ಮೊದಲು ಅದು ನೀರನ್ನು, ನೆಲವನ್ನು, ಆ ಊರಿನವರ ದುಡಿಮೆಯನ್ನು ಕುರಿತದ್ದು.

‘ಪ್ರವಾಸ’ವನ್ನು ತಿರುಗಾಟ ಎಂಬ ಅರ್ಥದಲ್ಲಿ ಬಳಸಿ ರೂಢಿಯಾಗಿರುವುದರಿಂದ ಅದರೊಳಗೆ ‘ವಾಸ’ವಿದೆ ಎಂಬುದು ಸುಲಭವಾಗಿ ಗಮನಕ್ಕೆ ಬರುವುದಿಲ್ಲ. ಸಂಸ್ಕೃತದ ‘ವಸ್’ ಧಾತುವಿಗೆ ನೆಲೆಸು, ತಂಗು ಎಂಬ ಅರ್ಥವಿದ್ದು, ‘ಪ್ರ’ ಎಂಬ ಉಪಸರ್ಗ ಸೇರಿದಾಗ ಅದು ಮನೆಯಿಂದ ದೂರವಿರುವುದನ್ನು, ಪರಸ್ಥಳದಲ್ಲಿ ವಾಸಿಸುವುದನ್ನು ಹೇಳುತ್ತದೆ. ‘ಸುಸ್ಥಿರ’ದ ಬೇರಿನಲ್ಲಿರುವುದು ನಿಲ್ಲು ಎಂಬರ್ಥದ ‘ಸ್ಥಾ’ ಧಾತು. ಹೀಗೆ ನೋಡಿದರೆ, ಒಂದು ಊರಿನಲ್ಲಿ ಎರಡು ದಿನ ತಂಗುವವನು ಆ ಎರಡು ದಿನದ ಮಟ್ಟಿಗೆ ಆ ಊರಿನ ನಿವಾಸಿಯೇ. ಅವನ ವಾಸದಿಂದ ಊರು ತನ್ನ ಕಾಲ ಮೇಲೆ ನಿಲ್ಲುವ ಬಲವನ್ನು ಕಳೆದುಕೊಳ್ಳದಿದ್ದರೆ ಅದು ಸುಸ್ಥಿರ ಪ್ರವಾಸ. ನನಗೆ ಈ ಪದಗಳ ಜೋಡಣೆ ಬಹಳ ಹಿಡಿಸುತ್ತದೆ, ಏಕೆಂದರೆ ಬಂದವನನ್ನು ಇದು ನೋಟಕನೆಂದಲ್ಲ, ವಾಸಿಯೆಂದು ಕರೆಯುತ್ತದೆ.

ಪರಿಕಲ್ಪನೆಯ ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸಬಹುದು. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗವು, ಮುಂದಿನ ಪೀಳಿಗೆಯವರ ಅಗತ್ಯಗಳಿಗೆ ಧಕ್ಕೆ ತಾರದೆ ಇಂದಿನವರ ಅಗತ್ಯಗಳನ್ನು ಪೂರೈಸುವ ಅಭಿವೃದ್ಧಿಯನ್ನು ಸುಸ್ಥಿರ ಅಭಿವೃದ್ಧಿ ಎಂದು ಕರೆಯಿತು. ಅದೇ ವಿಚಾರವನ್ನು ಪ್ರವಾಸಕ್ಕೆ ಅನ್ವಯಿಸಿದಾಗ ಪರಿಸರ, ಸಮಾಜ, ಆರ್ಥಿಕತೆ ಈ ಮೂರರ ಮೇಲಾಗುವ ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮ ಬಂತು. 2017ನೇ ಇಸವಿಯನ್ನು ವಿಶ್ವಸಂಸ್ಥೆ ಅಭಿವೃದ್ಧಿಗಾಗಿ ಸುಸ್ಥಿರ ಪ್ರವಾಸೋದ್ಯಮದ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಈ ವ್ಯಾಖ್ಯಾನಗಳೆಲ್ಲ ಸರಿಯಾಗಿಯೇ ಇವೆ; ಆದರೆ ಒಂದು ಊರನ್ನು ಎದುರಿಗಿಟ್ಟುಕೊಳ್ಳದೆ ಅವು ಮನಸ್ಸಿಗೆ ಇಳಿಯುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಗೋಕರ್ಣವನ್ನೇ ತೆಗೆದುಕೊಳ್ಳೋಣ. ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ ಕಡಲು ಸೇರುವ ಎರಡು ಅಳಿವೆಗಳ ನಡುವಿನ ಸಣ್ಣ ಊರು ಇದು. ಮಹಾಬಲೇಶ್ವರನ ದರ್ಶನಕ್ಕೂ ಕೋಟಿತೀರ್ಥದ ಬಳಿ ಪಿತೃಕಾರ್ಯಕ್ಕೂ ಜನ ಶತಮಾನಗಳಿಂದ ಬರುತ್ತಿದ್ದಾರೆ. ಕುಡ್ಲೆ, ಓಂ ಕಡಲತೀರಗಳಿಗಾಗಿ ಬರುವವರು ಈಚಿನವರು. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ. ಇಷ್ಟು ಮಳೆ ಬೀಳುವ ಊರಿಗೆ ನೀರಿನ ಚಿಂತೆಯೇ ಎಂದು ಬಯಲುಸೀಮೆಯವರು ಕೇಳುವುದು ಸಹಜ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು, ಚಿರೆಕಲ್ಲಿನ ಗುಡ್ಡಗಳಿಂದ ಇಳಿದು ಕಡಲಿಗೆ ಹೋಗುತ್ತದೆ. ನೆಲದೊಳಗೆ ಉಳಿದ ಸಿಹಿನೀರು, ಹಗುರವಾದದ್ದರಿಂದ, ಕಡಲಿನ ಕಡೆಯಿಂದ ಬಂದ ಉಪ್ಪುನೀರಿನ ಮೇಲೆ ತೇಲುವಂತೆ ನಿಂತಿರುತ್ತದೆ. ಭೂಜಲಶಾಸ್ತ್ರದಲ್ಲಿ ಗೈಬೆನ್–ಹರ್ಜ್‌ಬರ್ಗ್ ಸಂಬಂಧ ಎಂದು ಹೆಸರಾದ ಒಂದು ಸ್ಥೂಲ ಲೆಕ್ಕವಿದೆ: ಸಮುದ್ರಮಟ್ಟಕ್ಕಿಂತ ಮೇಲೆ 1 ಮೀಟರ್ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರುತ್ತದೆ. ಇದನ್ನೇ ತಿರುಗಿಸಿ ಓದಿದರೆ, ಮೇಲಿನ ಮಟ್ಟ 1 ಮೀಟರ್ ಇಳಿಯುವಷ್ಟು ನೀರನ್ನು ಪಂಪಿನಿಂದ ಎತ್ತುತ್ತ ಹೋದರೆ ಕಾಲಕ್ರಮದಲ್ಲಿ ಉಪ್ಪುನೀರು ಸುಮಾರು 40 ಮೀಟರ್ ಮೇಲೇರಬಹುದು ಎಂದಾಗುತ್ತದೆ. ಒಮ್ಮೆ ಉಪ್ಪು ಹತ್ತಿದ ಬಾವಿ ಪಂಪು ನಿಲ್ಲಿಸಿದ ಮರುದಿನವೇ ಸಿಹಿಯಾಗುವುದಿಲ್ಲ.

ಒಂದು ಮೇ ತಿಂಗಳಿನಲ್ಲಿ ಅಲ್ಲಿನ ಮನೆಯೊಂದರಲ್ಲಿ ಉಳಿದುಕೊಂಡಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ಎರಡು ಕೊಡಪಾನಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದುದನ್ನು ನೋಡಿದೆ. ಒಂದರಲ್ಲಿ ಮನೆಯ ಬಾವಿಯ ನೀರು. ಅದು ಪಾತ್ರೆ ತೊಳೆಯಲು, ಮೀಯಲು. ಇನ್ನೊಂದು ಊರಿನ ಒಳಭಾಗದ ಬಾವಿಯಿಂದ ತಂದದ್ದು, ಅದರ ಬಾಯಿಗೆ ತಟ್ಟೆ ಮುಚ್ಚಿತ್ತು. ಮನೆಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕಟ್ಟುವುದಿಲ್ಲ ಎಂದು ಆ ಮನೆಯ ಅಮ್ಮ ಯಾವ ದೂರಿನ ಧಾಟಿಯೂ ಇಲ್ಲದೆ ಹೇಳಿದರು. ನಾನು ಬೆಳಗ್ಗೆ ಕಡಲಿನಲ್ಲಿ ಮಿಂದು ಬಂದು, ಮೈಗೆ ಹತ್ತಿದ ಮರಳು ಹೋಗುವವರೆಗೆ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಆ ಮುಚ್ಚಿದ ಕೊಡಪಾನದ ಎದುರು ‘ಸುಸ್ಥಿರ’ ಎಂಬ ಪದಕ್ಕೆ ನನ್ನ ಮಟ್ಟಿಗೆ ಅರ್ಥ ಬಂತು.

ಗ್ರಾಮೀಣ ಮನೆಗಳಿಗೆ ದಿನಕ್ಕೆ ತಲಾ 55 ಲೀಟರ್ ನೀರು ಎಂಬುದು ಜಲ ಜೀವನ್ ಮಿಷನ್ ಇಟ್ಟುಕೊಂಡಿರುವ ಅಳತೆ. 10 ಮೀಟರ್ ಉದ್ದ, 5 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಒಂದು ಈಜುಕೊಳ ತುಂಬಲು 75,000 ಲೀಟರ್ ಬೇಕು. ಅಂದರೆ ಸುಮಾರು 1360 ಮಂದಿಯ ಒಂದು ದಿನದ ಪಾಲು. ಕಡಲು ಕಣ್ಣೆದುರಿಗಿರುವ ಊರಿನಲ್ಲಿ ಸಿಹಿನೀರಿನ ಕೊಳವನ್ನು ಕಟ್ಟಿಸುವುದೂ ಅದಿರುವ ಕೋಣೆಯನ್ನೇ ಹುಡುಕಿ ಹಿಡಿಯುವುದೂ ತಪ್ಪು ಎಂದೇ ನನ್ನ ಅಭಿಪ್ರಾಯ.

ಇಲ್ಲಿ ಬರುವ ಇನ್ನೊಂದು ಪದ ‘ಧಾರಣ ಸಾಮರ್ಥ್ಯ’. ಒಂದು ಸ್ಥಳ ತನ್ನ ಗುಣ ಕೆಡದಂತೆ ಎಷ್ಟು ಜನರನ್ನು, ಎಷ್ಟು ವಾಹನಗಳನ್ನು, ಎಷ್ಟು ಕೊಳಚೆಯನ್ನು ತಾಳಿಕೊಳ್ಳಬಲ್ಲದು ಎಂಬುದರ ಮಿತಿ ಇದು. ಇದನ್ನು ವರ್ಷದ ಸರಾಸರಿಯಿಂದ ಅಳೆದರೆ ಮೋಸಹೋಗುತ್ತೇವೆ. ಅಕ್ಟೋಬರ್‌ನಲ್ಲಿ ಆರಾಮವಾಗಿ ಸುಧಾರಿಸಬಹುದಾದಷ್ಟೇ ಜನ, ಬಾವಿಗಳು ತಳ ಕಾಣುವ ಏಪ್ರಿಲ್‌–ಮೇಯಲ್ಲಿ ಊರಿಗೆ ಭಾರವಾಗುತ್ತಾರೆ. ಶಾಲೆಗಳ ರಜೆಯ ಕಾರಣದಿಂದ ಹೆಚ್ಚು ಸಂಸಾರಗಳು ಬರುವುದೂ ಆಗಲೇ. ಕೊಳಚೆಯ ಮಾತೂ ಹೀಗೆಯೇ. ರಂಧ್ರಗಳಿಂದ ಕೂಡಿದ ಚಿರೆಕಲ್ಲಿನ ನೆಲದಲ್ಲಿ ಶೌಚದ ಗುಂಡಿಯ ನೀರು ಪಕ್ಕದ ಬಾವಿಗೆ ಇಳಿಯಲು ಹೆಚ್ಚು ಕಾಲ ಬೇಕಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಹಣದ ವಿಷಯಕ್ಕೆ ಹೇಳುತ್ತೇವೆ; ಪ್ರವಾಸದಲ್ಲಿ ಆ ಹಾಸಿಗೆ ಬೇರೆಯವರದು ಎಂಬುದನ್ನೂ ನೆನಪಿಡಬೇಕು.

ಸುಸ್ಥಿರತೆಯ ಆರ್ಥಿಕ ಮುಖವನ್ನು ಹಣದ ‘ಸೋರಿಕೆ’ ಎಂಬ ಪದದಿಂದ ವಿವರಿಸುತ್ತಾರೆ: ಪ್ರವಾಸಿ ಕೊಟ್ಟ ಹಣ ಊರಿನಲ್ಲಿ ನಿಲ್ಲದೆ ಹೊರಗಿನ ಮಾಲೀಕರಿಗೆ, ಹೊರಗಿನಿಂದ ಬಂದ ಸರಕಿಗೆ ಹರಿದುಹೋಗುವುದು ಸೋರಿಕೆ. ಗೋಕರ್ಣದ ಸುತ್ತ ಈ ಸೋರಿಕೆಯನ್ನು ತಡೆಯಬಲ್ಲ ಸಂಪತ್ತು ಬೇಕಾದಷ್ಟಿದೆ. ತಾವೇ ಬೆಳೆದ ಹರಿವೆ, ಬಸಳೆ, ಬದನೆಗಳನ್ನು ಬುಟ್ಟಿಯಲ್ಲಿ ತಂದು ಬೀದಿಬದಿಯಲ್ಲಿ ಮಾರುವ ಹಾಲಕ್ಕಿ ಒಕ್ಕಲಿಗ ಮಹಿಳೆಯರಿದ್ದಾರೆ. ಸಾಣಿಕಟ್ಟೆಯ ಗದ್ದೆಗಳಲ್ಲಿ ಅಳಿವೆಯ ನೀರನ್ನು ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುತ್ತಾರೆ. ಅಘನಾಶಿನಿಯ ಗಜನಿ ಭೂಮಿಯಲ್ಲಿ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಬಲ್ಲ ಕಗ್ಗ ಭತ್ತ ಬೆಳೆಯುತ್ತದೆ. ನೀರು ಇಳಿದ ಹೊತ್ತಿನಲ್ಲಿ ಸೊಂಟದವರೆಗೆ ಅಳಿವೆಗೆ ಇಳಿದು, ಕೆಸರನ್ನು ಕೈಯಿಂದಲೂ ಕಾಲಿನಿಂದಲೂ ತಡವಿ, ಬಳಚು ಎಂಬ ಚಿಪ್ಪುಜೀವಿಯನ್ನು ಆಯ್ದು ಬದುಕುವ ಕುಟುಂಬಗಳಿವೆ. ದೊಡ್ಡ ಅಣೆಕಟ್ಟುಗಳಿಲ್ಲದೆ ಹರಿದುಬರುವ ಈ ನದಿಯ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. ಊಟದ ತಟ್ಟೆಯಲ್ಲಿ ಇವು ಇದ್ದರೆ ಪ್ರವಾಸಿಯ ಹಣ ಈ ಕೈಗಳಿಗೆ ತಲುಪುತ್ತದೆ. ಮೀನಿನ ವಿಷಯದಲ್ಲಿ ಋತುವನ್ನೂ ತಿಳಿದಿರಬೇಕು: ಮೀನುಗಳ ಸಂತಾನಾಭಿವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಹೋಟೆಲಿನಲ್ಲಿ ಕೂತು ದೊಡ್ಡ ಇಸ್ವಾಣವೇ ಬೇಕೆಂದು ಹಟ ಹಿಡಿಯುವುದಕ್ಕಿಂತ, ದಡದ ಸಮೀಪ ಸಣ್ಣ ದೋಣಿಯವರಿಗೆ ಸಿಕ್ಕಿದ್ದನ್ನು ಉಣ್ಣುವುದು ಮೇಲು.

ತೀರದ ಮರಳಿಗೂ ತನ್ನದೇ ಬದುಕಿದೆ. ಆಡಿನ ಗೊರಸಿನಾಕಾರದ ಎಲೆ, ನೇರಳೆ ಹೂವಿನ ಬಳ್ಳಿಯೊಂದು ಮರಳ ದಿಬ್ಬವನ್ನು ಹಿಡಿದು ನಿಲ್ಲಿಸುತ್ತದೆ. ಜೀಪು, ಬೈಕುಗಳು ಅದರ ಮೇಲೆ ಹರಿದರೆ ದಿಬ್ಬ ಸಡಿಲಗೊಳ್ಳುತ್ತದೆ. ಉತ್ತರ ಕನ್ನಡದ ತೀರಗಳಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬಂದ ಮರಿಗಳು ರಾತ್ರಿಯ ಹೊತ್ತಿನಲ್ಲಿ ಬೆಳಕು ಹೆಚ್ಚಿರುವ ದಿಕ್ಕನ್ನೇ ಕಡಲೆಂದು ತಿಳಿದು ನಡೆಯುವುದರಿಂದ, ತೀರಕ್ಕೆ ಮುಖ ಮಾಡಿದ ದೀಪಗಳು ಅವನ್ನು ಊರಿನ ಕಡೆಗೆ ಸೆಳೆದು ಸಾಯಿಸುತ್ತವೆ. ಊರಿನಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಅಲ್ಲಿಂದ ಮುಂದೆ ಓಂ ತೀರ. ಈ ದಾರಿಯನ್ನು ನಡೆದೇ ಹೋಗಬಹುದು, ಹೋಗಬೇಕು ಕೂಡ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಮರುದಿನ ಬೆಳಗ್ಗೆ ಈ ಕರಾವಳಿಯನ್ನು ಮುಟ್ಟಿಸುವಾಗ, ಇಕ್ಕಟ್ಟಾದ ರಥಬೀದಿಯವರೆಗೆ ಕಾರು ತರುವ ಅಗತ್ಯ ಬಹಳ ಮಂದಿಗಿಲ್ಲ.

ಹತ್ತಿರದ ಕೆಲವು ಪದಗಳನ್ನು ಇದರೊಂದಿಗೆ ಬೆರೆಸಬಾರದು. ‘ಪರಿಸರ ಪ್ರವಾಸ’ ಎಂದರೆ ಕಾಡು, ಹೊಳೆ, ಹಕ್ಕಿಗಳಂಥ ನಿಸರ್ಗವನ್ನು ಅರಿಯಲೆಂದು ಕೈಗೊಳ್ಳುವ ಒಂದು ಬಗೆಯ ಪ್ರವಾಸ. ಸುಸ್ಥಿರತೆ ಮಾತ್ರ ಎಲ್ಲ ಬಗೆಯ ಪ್ರವಾಸಕ್ಕೂ, ತೀರ್ಥಯಾತ್ರೆಗೂ ಅನ್ವಯಿಸುತ್ತದೆ. ‘ನೀಲಿ ಧ್ವಜ’ ಎಂಬುದು ಸ್ವಚ್ಛತೆ, ನೀರಿನ ಗುಣಮಟ್ಟ, ಸುರಕ್ಷತೆ ಮುಂತಾದ ಮಾನದಂಡಗಳ ಮೇಲೆ ಒಂದು ಕಡಲತೀರಕ್ಕೆ ಸಿಗುವ ಮಾನ್ಯತೆ. 2020ರಲ್ಲಿ ನಮ್ಮ ರಾಜ್ಯದ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ ಅದು ದೊರೆಯಿತು. ಅದು ತೀರದ ಸ್ಥಿತಿಯನ್ನು ಹೇಳುತ್ತದೆ, ತೀರದ ಹಿಂದಿನ ಮನೆಗಳ ಬಾವಿಯ ಸ್ಥಿತಿಯನ್ನಲ್ಲ. ಇನ್ನು ‘ಸುಸ್ಥಿರ ಪ್ರವಾಸೋದ್ಯಮ’ ಎಂದಾಗ ಹೊಣೆ ಆಡಳಿತದ್ದು, ಉದ್ಯಮದ್ದು: ಕೊಳಚೆ ಶುದ್ಧೀಕರಣ, ಕಟ್ಟಡಗಳ ಪರವಾನಗಿ, ಕರಾವಳಿ ನಿಯಂತ್ರಣ ವಲಯದ ನಿಯಮಗಳ ಪಾಲನೆ ಇವೆಲ್ಲ ಅಲ್ಲಿ ಬರುತ್ತವೆ. ‘ಸುಸ್ಥಿರ ಪ್ರವಾಸ’ದಲ್ಲಿ ಹೊಣೆ ಹೋಗುವವನದು.

ಅವನ ಹೊಣೆ ಕೋಣೆಯನ್ನು ಗೊತ್ತುಮಾಡುವಾಗಲೇ ಶುರುವಾಗುತ್ತದೆ. ನಿಮ್ಮಲ್ಲಿ ನೀರು ಎಲ್ಲಿಂದ ಬರುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಫೋನಿನಲ್ಲಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಮುಂದಿನ ವರ್ಷ ಮತ್ತೆ ಮೇ ತಿಂಗಳಿಗೆಂದೇ ನಾನು ಒಬ್ಬರನ್ನು ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟು: “ಆಗ ನಾವು ಟ್ಯಾಂಕರ್ ತರಿಸ್ತೇವೆ. ನಿಮಗೆ ಅವಸರ ಇಲ್ಲ ಅಂದ್ರೆ ನವರಾತ್ರಿ ಕಳೆದ ಮೇಲೆ ಬನ್ನಿ, ಬಾವಿ ತುಂಬಿರ್ತದೆ.” ನಾವು ಅಕ್ಟೋಬರ್ ಕೊನೆಯ ವಾರಕ್ಕೆ ಟಿಕೆಟ್ ತೆಗೆದೆವು.